ಕಲ್ಲುಹೂವಿನ ಪಾಠ: ಪಾಚಿಯ ಜೊತೆ ಸೇರಿ ಶಿಲೀಂಧ್ರ ಬದಲಾದ ಬಗೆ



ಅಡಿಕೆ ಮರದ ಮೈಮೇಲೆ ಬಿಳಿ, ಬೂದು, ತಿಳಿಹಸಿರು ಮಚ್ಚೆಗಳು. ಹಳೆಯ ಕಾಫಿ ಗಿಡದ ರೆಂಬೆಗಳ ಮೇಲೆ ಎಲೆಯಂತೆ ಸುರುಟಿಕೊಂಡ ಚಕ್ಕೆಗಳು. ನೆರಳು ಮರಗಳ ಕೊಂಬೆಯಿಂದ ಗಡ್ಡದಂತೆ ಇಳಿಬಿದ್ದ ಎಳೆಗಳು. ಇವು ನಮ್ಮ ಸೀಮೆಯ ತೋಟಗಳಲ್ಲಿ ಎಲ್ಲರೂ ಕಂಡಿರುವಂಥವು. ಇವನ್ನು ನೋಡಿ ಮರಕ್ಕೆ ರೋಗ ತಗಲಿತೆಂದು ಹೆದರಿ ಕೆಲವರು ಆಳು ಹಚ್ಚಿ ಕೆರೆಸುತ್ತಾರೆ. ಮತ್ತೆ ಕೆಲವರು ಇದಕ್ಕೆ ಯಾವ ಔಷಧಿ ಹೊಡೆಯಬೇಕೆಂದು ಸಂಘದ ಕಛೇರಿಗೆ ಬಂದು ಕೇಳುತ್ತಾರೆ. ಆಳು ಸಿಗುವುದೇ ಕಷ್ಟವಾಗಿರುವ ಈ ದಿನಗಳಲ್ಲಿ ಬೇಡದ ಕೆಲಸಕ್ಕೆ ಕೂಲಿ ಕೊಡುವುದು ಶುದ್ಧ ನಷ್ಟ. ಆದ್ದರಿಂದ ಈ ಜೀವಿ ಯಾವುದು, ಅದು ಏನು ತಿಂದು ಬದುಕುತ್ತದೆ, ಈ ಬದುಕಿಗೆ ಅದು ಹೇಗೆ ಬಂತು ಎಂಬುದನ್ನು ಈ ಸಂಚಿಕೆಯ ಪಾಠದಲ್ಲಿ ಸ್ವಲ್ಪ ವಿವರವಾಗಿ ನೋಡೋಣ. ವಿಷಯ ನಲವತ್ತು ಕೋಟಿ ವರ್ಷಗಳಷ್ಟು ಹಿಂದಕ್ಕೆ ಹೋಗುತ್ತದೆಯಾದರೂ ನಮ್ಮ ಕಣದಲ್ಲಿ ಒಣಗುವ ಕಾಫಿಗೆ ಹಿಡಿಯುವ ಬೂಷ್ಟಿಗೂ ಅದಕ್ಕೂ ಸಂಬಂಧವಿದೆ.

1. ಒಂದರಂತೆ ಕಾಣುವ ಎರಡು ಜೀವಿಗಳು

ಇದನ್ನು ಕನ್ನಡದಲ್ಲಿ ಕಲ್ಲುಹೂವು ಎನ್ನುತ್ತೇವೆ. ಇಂಗ್ಲಿಷ್ ಹೆಸರು ಲೈಕೆನ್. ಅಂಗಡಿಯಲ್ಲಿ ಮಸಾಲೆ ಸಾಮಾನಿನ ಜೊತೆ ಮಾರುವ ಕಲ್ಲುಹೂವೂ ಈ ವರ್ಗಕ್ಕೇ ಸೇರಿದ್ದು. ಹೆಸರಿನಲ್ಲಿ ಹೂವು ಇದ್ದರೂ ಇದು ಹೂವಲ್ಲ, ಗಿಡವೂ ಅಲ್ಲ. ಒಂದು ಶಿಲೀಂಧ್ರ ಮತ್ತು ಒಂದು ಪಾಚಿ ಕೂಡಿ ಒಂದೇ ಮೈಯಾಗಿ ಬದುಕುವ ಸಂಸಾರ ಇದು.

ಶಿಲೀಂಧ್ರ ಎಂದರೆ ಅಣಬೆ, ಬೂಷ್ಟು, ಕಾಫಿ ಎಲೆಯ ತುಕ್ಕುರೋಗ ಇವೆಲ್ಲ ಸೇರಿದ ದೊಡ್ಡ ಕುಲ. ಈ ಕುಲದವುಗಳಲ್ಲಿ ಪತ್ರಹರಿತ್ತು ಇಲ್ಲ. ಬಿಸಿಲಿನಿಂದ ಆಹಾರ ತಯಾರಿಸಿಕೊಳ್ಳುವ ಶಕ್ತಿ ಇಲ್ಲ. ಆದ್ದರಿಂದ ಅವಕ್ಕೆ ಮೂರೇ ದಾರಿ. ಸತ್ತ ಮರ, ತರಗೆಲೆ, ಸಗಣಿಗಳನ್ನು ಕೊಳೆಯಿಸಿ ತಿನ್ನುವುದು ಒಂದು. ಬದುಕಿರುವ ಗಿಡ ಅಥವಾ ಪ್ರಾಣಿಯ ಸಾರ ಹೀರುವುದು ಎರಡನೆಯದು. ಬದುಕಿರುವ ಇನ್ನೊಂದು ಜೀವಿಯೊಡನೆ ಕೊಡುಕೊಳ್ಳುವ ಸಂಬಂಧ ಬೆಳೆಸುವುದು ಮೂರನೆಯದು. ಕಲ್ಲುಹೂವಿನ ಶಿಲೀಂಧ್ರ ಈ ಮೂರನೆಯ ದಾರಿ ಹಿಡಿದದ್ದು.

ಎಲೆಯಂಥ ಕಲ್ಲುಹೂವನ್ನು ತೆಳ್ಳಗೆ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಪದರಗಳು ಕಾಣುತ್ತವೆ. ಮೇಲೆ ಶಿಲೀಂಧ್ರದ ಎಳೆಗಳು ಒತ್ತಾಗಿ ಹೆಣೆದ ಗಟ್ಟಿ ಚರ್ಮ. ಅದರ ಕೆಳಗೆ ಪಾಚಿಯ ಹಸಿರು ಕೋಶಗಳು. ಮತ್ತೂ ಕೆಳಗೆ ಗಾಳಿಯಾಡುವಂತೆ ಸಡಿಲವಾಗಿರುವ ಹತ್ತಿಯಂಥ ಎಳೆಗಳು. ತಳದಲ್ಲಿ ಕಲ್ಲನ್ನೋ ತೊಗಟೆಯನ್ನೋ ಹಿಡಿದುಕೊಳ್ಳುವ ಕೊಕ್ಕೆಗಳು. ಮೈಯ ಬಹುಪಾಲು ಶಿಲೀಂಧ್ರದ್ದೇ. ಪಾಚಿ ಬಿಸಿಲಿನಲ್ಲಿ ಸಕ್ಕರೆ ತಯಾರಿಸುತ್ತದೆ. ಶಿಲೀಂಧ್ರ ಮನೆ ಕಟ್ಟಿ, ನೆರಳು ಕೊಟ್ಟು, ನೀರು ಹಿಡಿದಿಡುತ್ತದೆ. ಮಳೆಗಾಲದಲ್ಲಿ ಗೋಡೆಯ ಮೇಲೂ ಮರದ ಮೇಲೂ ಕಾವಿಬಣ್ಣದ ಮಖಮಲ್ಲಿನಂತೆ ಬೆಳೆಯುವ ಪಾಚಿಯೊಂದುಂಟು, ಟ್ರೆಂಟಿಪೋಲಿಯ ಎಂದು ಅದರ ಹೆಸರು. ಮರಕ್ಕೆ ಅಂಟಿಕೊಂಡ ಅನೇಕ ಮಚ್ಚೆಗಳೊಳಗೆ ಇರುವ ಪಾಚಿ ಇದೇ.

ಲೋಕದಲ್ಲಿ ಸುಮಾರು 20,000 ಜಾತಿಯ ಶಿಲೀಂಧ್ರಗಳು ಹೀಗೆ ಬದುಕುತ್ತವೆ. ಭಾರತದಲ್ಲೇ 2,000ಕ್ಕೂ ಮೀರಿದ ಜಾತಿಯ ಕಲ್ಲುಹೂಗಳು ದಾಖಲಾಗಿವೆ. ಪಶ್ಚಿಮ ಘಟ್ಟ ಅವುಗಳ ದೊಡ್ಡ ನೆಲೆಗಳಲ್ಲಿ ಒಂದು.

2. ಸತ್ಯ ತಿಳಿದ ಬಗೆ

ಕಲ್ಲುಹೂವು ಒಂದೇ ಜೀವಿ, ಅದೂ ಒಂದು ಜಾತಿಯ ಸಸ್ಯ ಎಂದೇ ವಿದ್ವಾಂಸರು ಬಹುಕಾಲ ನಂಬಿದ್ದರು. 1867ರಲ್ಲಿ ಸ್ವಿಟ್ಜರ್‌ಲೆಂಡಿನ ಸೈಮನ್ ಶ್ವೆಂಡನರ್ ಎಂಬ ಸಸ್ಯಶಾಸ್ತ್ರಜ್ಞರು ಇದು ಎರಡು ಜೀವಿಗಳ ಕೂಟ ಎಂದು ಸಾರಿದರು. ಶಿಲೀಂಧ್ರ ಯಜಮಾನ, ಪಾಚಿಗಳು ಅದರ ಸೆರೆಯಲ್ಲಿರುವ ಗುಲಾಮರು ಎಂಬುದು ಅವರು ಕೊಟ್ಟ ಹೋಲಿಕೆ. ಕಲ್ಲುಹೂವಿನ ಪಂಡಿತರಲ್ಲಿ ಹೆಚ್ಚಿನವರು ಇದನ್ನು ಒಪ್ಪಲಿಲ್ಲ. ಫಿನ್ಲೆಂಡಿನ ವಿಲಿಯಂ ನೈಲಾಂಡರ್ ಅಂಥವರಲ್ಲಿ ಪ್ರಮುಖರು. ಇದೇ ನೈಲಾಂಡರ್ 1866ರಲ್ಲಿ ಪ್ಯಾರಿಸ್ಸಿನ ಉದ್ಯಾನದ ಮರಗಳನ್ನು ಪರೀಕ್ಷಿಸಿ, ಗಾಳಿ ಕೆಟ್ಟ ಕಡೆ ಕಲ್ಲುಹೂವು ಬೆಳೆಯುವುದಿಲ್ಲ ಎಂದು ತೋರಿಸಿದ್ದರು. ಆ ಮಾತು ಇಂದಿಗೂ ನಿಂತಿದೆ. ಆದರೆ ಎರಡು ಜೀವಿಗಳ ವಿಷಯದಲ್ಲಿ ಕಾಲ ಶ್ವೆಂಡನರ್ ಅವರ ಪಕ್ಷಕ್ಕೆ ತೀರ್ಪು ಕೊಟ್ಟಿತು.

1879ರಲ್ಲಿ ಜರ್ಮನಿಯ ಆಂಟನ್ ಡಿ ಬಾರಿ ಅವರು ‘ಸಿಂಬಯೋಸಿಸ್’ ಎಂಬ ಶಬ್ದವನ್ನು ಪ್ರಚಾರಕ್ಕೆ ತಂದರು. ನಾವು ಅದನ್ನು ಸಹಜೀವನ ಎನ್ನುತ್ತೇವೆ. ಬೇರೆ ಬೇರೆ ಜಾತಿಯ ಜೀವಿಗಳು ಒಟ್ಟಿಗೆ ಬಾಳುವುದು ಎಂಬಷ್ಟೇ ಅವರು ಕೊಟ್ಟ ಅರ್ಥ. ಲಾಭ ಇಬ್ಬರಿಗೂ ಆಗಲೇಬೇಕು ಎಂದು ಅವರು ಹೇಳಲಿಲ್ಲ. ಪರಾವಲಂಬಿ ಬದುಕೂ ಅವರ ಲೆಕ್ಕದಲ್ಲಿ ಸಹಜೀವನದ ಒಂದು ಬಗೆಯೇ. ಇದನ್ನು ಸದಸ್ಯರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಈ ಚರಿತ್ರೆಯಲ್ಲಿ ಕಾಫಿಗೂ ಒಂದು ಪಾಲಿದೆ. ಸಿಲೋನಿನ ಕಾಫಿ ತೋಟಗಳನ್ನು ಹಾಳುಗೆಡವಿದ ತುಕ್ಕುರೋಗದ ಶಿಲೀಂಧ್ರಕ್ಕೆ 1869ರಲ್ಲಿ ಶಾಸ್ತ್ರೀಯ ಹೆಸರು ಬಂತು. ಆ ರೋಗವನ್ನು ಅಭ್ಯಾಸ ಮಾಡಲು 1880ರಲ್ಲಿ ಸಿಲೋನಿಗೆ ಬಂದ ಇಂಗ್ಲೆಂಡಿನ ಮಾರ್ಷಲ್ ವಾರ್ಡ್ ಅವರು ಅಲ್ಲಿ ಎಲೆಗಳ ಮೇಲೆ ಬೆಳೆಯುವ ಒಂದು ಕಲ್ಲುಹೂವನ್ನೂ ಪರೀಕ್ಷಿಸಿ 1884ರಲ್ಲಿ ಅದರ ಜೀವನಕ್ರಮವನ್ನು ಪ್ರಕಟಿಸಿದರು. ಅದರಲ್ಲಿ ಪಾಚಿಯೇ ಎಲೆಯ ಮೇಲ್ಪೊರೆಯ ಕೆಳಗೆ ಸೇರಿಕೊಂಡು ಬೆಳೆಯುವ ಪರಾವಲಂಬಿ. ಶಿಲೀಂಧ್ರ ಆಮೇಲೆ ಬಂದು ಆ ಪಾಚಿಯನ್ನು ಸುತ್ತುವರಿಯುತ್ತದೆ, ಆಗ ಅದು ಕಲ್ಲುಹೂವಾಗುತ್ತದೆ. ಚಹಾ ಬೆಳೆಗಾರರು ಕೆಂಪು ತುಕ್ಕು ಎಂದು ಕರೆಯುವ ರೋಗಕ್ಕೆ ಕಾರಣವೂ ಇದೇ ಕುಲದ ಪಾಚಿ. ಎಲೆಯೊಂದನ್ನು ಕಾಡುವ ಜೀವಿ, ಇನ್ನೊಂದರ ಜೊತೆ ಪಾಲುದಾರನೂ ಆಗಬಹುದು ಎಂಬುದಕ್ಕೆ ಇದು ಉದಾಹರಣೆ.

3. ಜೊತೆ ಸೇರಿದ ಮೇಲೆ ಶಿಲೀಂಧ್ರದಲ್ಲಾದ ಬದಲಾವಣೆಗಳು

ಮೊದಲನೆಯದು ಆಕಾರ. ಸಾಮಾನ್ಯ ಶಿಲೀಂಧ್ರ ತನ್ನ ಆಹಾರದೊಳಗೇ ಅಡಗಿರುತ್ತದೆ. ಹುತ್ತದ ಅಣಬೆ ಮಳೆ ಬಿದ್ದಾಗ ಕೆಲವು ದಿನ ಹೊರಗೆ ತಲೆ ಹಾಕಿ ಮಾಯವಾಗುತ್ತದೆ. ಅದರ ನಿಜವಾದ ಮೈ ಒಳಗೇ ಉಳಿಯುತ್ತದೆ. ಪಾಚಿಯನ್ನು ಕಟ್ಟಿಕೊಂಡ ಶಿಲೀಂಧ್ರಕ್ಕೆ ಹೀಗೆ ಅಡಗಿರಲು ಸಾಧ್ಯವಿಲ್ಲ, ಪಾಚಿಗೆ ಬಿಸಿಲು ಬೇಕು. ಆದ್ದರಿಂದ ಅದು ಗಿಡದ ಎಲೆಯಂತೆ ಮೈ ಹರಡಿ ಬೆಳಕಿಗೆ ಬಂತು. ಸೊಗಸೆಂದರೆ, ಇದೇ ಶಿಲೀಂಧ್ರವನ್ನು ಪ್ರಯೋಗಶಾಲೆಯಲ್ಲಿ ಒಂಟಿಯಾಗಿ ಬೆಳೆಸಿದರೆ ಆಕಾರವಿಲ್ಲದ ಮುದ್ದೆಯಾಗಿ ಉಳಿಯುತ್ತದೆ. ಸರಿಯಾದ ಪಾಚಿ ಜೊತೆಗಿದ್ದರೆ ಮಾತ್ರ ಎಲೆಯ, ಪೊದೆಯ, ಗಡ್ಡದ ಆಕಾರ ಬರುತ್ತದೆ.

ಎರಡನೆಯದು ಆಹಾರ. ಆಕ್ಸ್‌ಫರ್ಡಿನ ಡೇವಿಡ್ ಸ್ಮಿತ್ ಮತ್ತು ಅವರ ಸಂಗಡಿಗರು 1960ರ ದಶಕದಲ್ಲಿ ವಿಕಿರಣಶೀಲ ಇಂಗಾಲವನ್ನು ಉಪಯೋಗಿಸಿ, ಪಾಚಿ ತಯಾರಿಸಿದ ಸಕ್ಕರೆ ಎಲ್ಲಿಗೆ ಹೋಗುತ್ತದೆ ಎಂದು ಪತ್ತೆ ಹಚ್ಚಿದರು. ಹಸಿರು ಪಾಚಿಯಿಂದ ರಿಬಿಟಾಲ್‌ನಂಥ ಸಕ್ಕರೆ ಮದ್ಯಸಾರಗಳೂ ನೀಲಿಹಸಿರು ಪಾಚಿಯಿಂದ ಗ್ಲೂಕೋಸೂ ಶಿಲೀಂಧ್ರಕ್ಕೆ ಸೋರುತ್ತವೆ. ಶಿಲೀಂಧ್ರ ಅದನ್ನು ಕೂಡಲೇ ಮ್ಯಾನಿಟಾಲ್ ಆಗಿ ಬದಲಿಸಿ ಇಟ್ಟುಕೊಳ್ಳುತ್ತದೆ. ಹೀಗೆ ಮನೆ ಬಾಗಿಲಿಗೇ ಊಟ ಬರುವಾಗ ಮರವನ್ನು ಕೊಳೆಯಿಸುವ ಹಳೆಯ ಕಸುಬು ಮರೆತುಹೋಗಿರಬೇಕೆಂದು ಹಿಂದೆ ಭಾವಿಸಲಾಗಿತ್ತು. 2022ರಲ್ಲಿ ಪ್ರಕಟವಾದ ವಂಶವಾಹಿಗಳ ಅಧ್ಯಯನದಲ್ಲಿ ಬೇರೆ ಸಂಗತಿ ಕಂಡುಬಂತು. ಕೆಲವು ಜಾತಿಗಳು ಆ ಕಸುಬಿನ ಉಪಕರಣಗಳನ್ನು ಬಹುಮಟ್ಟಿಗೆ ಕಳೆದುಕೊಂಡಿವೆ; ಮತ್ತೆ ಕೆಲವು ಇನ್ನೂ ಇಟ್ಟುಕೊಂಡಿವೆ.

ಮೂರನೆಯದು ಒಣಗಿ ಬದುಕುವ ಶಕ್ತಿ. ಏಪ್ರಿಲ್ ಬಿಸಿಲಿನಲ್ಲಿ ಕಲ್ಲುಹೂವು ಹಪ್ಪಳದಂತೆ ಗರಿಗರಿಯಾಗುತ್ತದೆ, ಮುಟ್ಟಿದರೆ ಪುಡಿಯಾಗುತ್ತದೆ. ಆದರೂ ಸತ್ತಿರುವುದಿಲ್ಲ. ಒಂದು ಮಳೆ ಬಿದ್ದರೆ ಕೆಲವೇ ನಿಮಿಷಗಳಲ್ಲಿ ಮತ್ತೆ ಆಹಾರ ತಯಾರಿಕೆ ಆರಂಭವಾಗುತ್ತದೆ. ಹಸಿರು ಪಾಚಿಯಿರುವ ಜಾತಿಗಳಿಗೆ ಬೆಳಗಿನ ತೇವದ ಗಾಳಿಯೇ ಸಾಕಾಗುವುದುಂಟು.

ನಾಲ್ಕನೆಯದು ನಿಧಾನ ಮತ್ತು ದೀರ್ಘಾಯುಷ್ಯ. ಒಂದು ರಾತ್ರಿಯಲ್ಲಿ ಅಂಗೈಯಗಲ ಬೆಳೆಯುವ ಬೂಷ್ಟಿನ ಬಂಧುವಾದ ಕಲ್ಲುಹೂವು ಸಾಮಾನ್ಯವಾಗಿ ವರ್ಷಕ್ಕೆ ಕೆಲವೇ ಮಿಲಿಮೀಟರ್ ಹರಡುತ್ತದೆ. ಕಲ್ಲಿಗಂಟಿದ ಜಾತಿಗಳು ಅದಕ್ಕಿಂತಲೂ ಕಡಿಮೆ. ಇಷ್ಟು ನಿಧಾನವಾಗಿ ಬೆಳೆಯುವ ಜೀವಿ ಬಸವನಹುಳು, ಸೂಕ್ಷ್ಮಾಣು, ಬಿರುಬಿಸಿಲು ಇವುಗಳಿಂದ ತನ್ನನ್ನು ಕಾಪಾಡಿಕೊಳ್ಳಬೇಕು. ಅದಕ್ಕಾಗಿ ಉಸ್ನಿಕ್ ಆಮ್ಲದಂಥ ನೂರಾರು ವಿಶೇಷ ರಾಸಾಯನಿಕಗಳನ್ನು ಕಲ್ಲುಹೂವಿನ ಶಿಲೀಂಧ್ರಗಳು ತಯಾರಿಸುತ್ತವೆ. ಕಲ್ಲುಹೂವಿನ ಹಳದಿ, ಕಿತ್ತಳೆ ಬಣ್ಣಗಳು ಇಂಥವುಗಳಿಂದಲೇ ಬಂದವು.

ಐದನೆಯದು ಸಂತಾನ. ಶಿಲೀಂಧ್ರದ ಬೀಜಾಣು ಗಾಳಿಯಲ್ಲಿ ಒಂಟಿಯಾಗಿ ಹೋದರೆ, ಬಿದ್ದಲ್ಲಿ ಹೊಸದಾಗಿ ಪಾಚಿಯನ್ನು ಹುಡುಕಿಕೊಳ್ಳಬೇಕು. ಈ ಕಷ್ಟ ತಪ್ಪಿಸಿಕೊಳ್ಳಲು ಅನೇಕ ಜಾತಿಗಳು ಶಿಲೀಂಧ್ರದ ಎಳೆ ಮತ್ತು ಪಾಚಿಯ ಕೋಶ ಎರಡನ್ನೂ ಸೇರಿಸಿದ ಹಿಟ್ಟಿನಂಥ ಪುಡಿಯನ್ನು ಉದುರಿಸುತ್ತವೆ. ಕಲ್ಲುಹೂವಿನ ಅಂಚನ್ನು ಬೆರಳಿನಿಂದ ಉಜ್ಜಿದಾಗ ಅಂಟುವುದು ಈ ಪುಡಿಯೇ.

4. ಎಷ್ಟು ಸಲ ಕೂಡಿದವು, ಎಷ್ಟು ಸಲ ಅಗಲಿದವು?

ಇಷ್ಟೊಂದು ಬದಲಾವಣೆ ಒಂದೇ ಮೂಲಪುರುಷನಿಂದ ಬಂತೇ ಎಂಬುದು ಮುಂದಿನ ಪ್ರಶ್ನೆ. ದಾಯಾದಿಗಳ ಸಂಬಂಧ ತಿಳಿಯಲು ವಂಶವೃಕ್ಷ ಬರೆಯುವಂತೆ, ವಿಜ್ಞಾನಿಗಳು ಡಿ.ಎನ್.ಎ. ಹೋಲಿಸಿ ಶಿಲೀಂಧ್ರಗಳ ವಂಶವೃಕ್ಷ ಬರೆಯುತ್ತಾರೆ. 1995ರಲ್ಲಿ ಆಂಡ್ರಿಯಾ ಗಾರ್ಗಸ್ ಮತ್ತು ಸಂಗಡಿಗರು ಹೀಗೆ ಹೋಲಿಸಿ, ಶಿಲೀಂಧ್ರಗಳು ಪಾಚಿಯೊಡನೆ ಕೂಡಿದ್ದು ಕಡಮೆಯೆಂದರೂ ಐದು ಪ್ರತ್ಯೇಕ ಸಲ ಎಂದು ತೋರಿಸಿದರು. ಅಂದರೆ ನೋಡಲು ಒಂದೇ ತರಹದ ಕಲ್ಲುಹೂಗಳೆಲ್ಲ ಒಂದೇ ಮನೆತನದವಲ್ಲ. ಬೇರೆ ಬೇರೆ ಮನೆತನಗಳು ಒಂದೇ ಕಸುಬನ್ನು ಹಿಡಿದಿವೆ.

2001ರಲ್ಲಿ ಫ್ರಾಂಕೋಯ್ಸ್ ಲುಟ್ಜೋನಿ, ಮಾರ್ಕ್ ಪೇಗಲ್, ವಲೆರಿ ರೀಬ್ ಇವರು ಇನ್ನೂ ದಿಟ್ಟವಾದ ಮಾತು ಹೇಳಿದರು. ಅವರ ಲೆಕ್ಕದಂತೆ ಕೂಡಿದ ಪ್ರಸಂಗಗಳು ಕಡಿಮೆ, ಕೂಡಿ ಆಮೇಲೆ ಬಿಟ್ಟ ಪ್ರಸಂಗಗಳೇ ಹೆಚ್ಚು. ಹಾಗೆ ಬಿಟ್ಟವರ ಸಂತತಿಯಲ್ಲಿ ಪೆನಿಸಿಲಿಯಂ ಮತ್ತು ಆಸ್ಪರ್ಜಿಲಸ್ ಬೂಷ್ಟುಗಳೂ ಸೇರಿವೆ ಎಂದರು. 1928ರಲ್ಲಿ ಅಲೆಗ್ಸಾಂಡರ್ ಫ್ಲೆಮಿಂಗ್ ಅವರಿಗೆ ಪೆನಿಸಿಲಿನ್ ದೊರೆತದ್ದು ಮೊದಲನೆಯದರಿಂದ. ಸರಿಯಾಗಿ ಒಣಗದ ಕಾಫಿಗೂ ಅಡಿಕೆಗೂ ಹಿಡಿದು ವಿಷ ಬೆರೆಸುವ ಬೂಷ್ಟುಗಳು ಎರಡನೆಯದರ ಕುಲದಲ್ಲಿವೆ. ಇವರ ಮಾತು ನಿಜವಾದರೆ, ಔಷಧಿ ಮತ್ತು ವಿಷ ಎರಡನ್ನೂ ತಯಾರಿಸುವ ಈ ಬೂಷ್ಟುಗಳ ಪೂರ್ವಿಕರು ಒಂದು ಕಾಲಕ್ಕೆ ಪಾಚಿಯ ಜೊತೆ ಸಂಸಾರ ಮಾಡಿದವರು. ಹೆಚ್ಚು ವಂಶವಾಹಿಗಳನ್ನು ಹೋಲಿಸಿದ ಆಮೇಲಿನ ಕೆಲವು ಅಧ್ಯಯನಗಳು ಬಿಟ್ಟ ಪ್ರಸಂಗಗಳು ಅಷ್ಟೊಂದಿಲ್ಲವೆಂದು ಹೇಳಿವೆ, ಚರ್ಚೆ ನಡೆದಿದೆ. ಕೂಡಿದ್ದು ಅನೇಕ ಸಲ, ಬಿಟ್ಟದ್ದೂ ಉಂಟು ಎಂಬಷ್ಟರಲ್ಲಿ ಮಾತ್ರ ಭಿನ್ನಾಭಿಪ್ರಾಯವಿಲ್ಲ.

ಕಾಲದ ಲೆಕ್ಕವೂ ಬದಲಾಗಿದೆ. ಬಂಡೆಯನ್ನು ಮೊದಲು ಕಲ್ಲುಹೂವು ಪುಡಿಮಾಡಿ ಮಣ್ಣು ಮಾಡಿತು, ಆಮೇಲೆ ಗಿಡಗಳು ನೆಲಕ್ಕೆ ಬಂದವು ಎಂದು ನಾವು ಕಾಲೇಜಿನಲ್ಲಿ ಓದಿದ್ದೆವು. ಸ್ಕಾಟ್ಲೆಂಡಿನ ರೈನಿ ಎಂಬ ಹಳ್ಳಿಯ ಶಿಲೆಯಲ್ಲಿ ಸುಮಾರು 40 ಕೋಟಿ ವರ್ಷ ಹಳೆಯ, ಕಲ್ಲುಹೂವಿನಂಥ ಪಳೆಯುಳಿಕೆ ಸಿಕ್ಕಿದ್ದು 1997ರಲ್ಲಿ ಪ್ರಕಟವಾಯಿತು. ಅದೇ ಶಿಲೆಯಲ್ಲಿ ಆ ಕಾಲದ ಗಿಡಗಳೂ ಇವೆ. 2019ರಲ್ಲಿ ಮ್ಯಾಥ್ಯೂ ನೆಲ್ಸನ್ ಮತ್ತು ಸಂಗಡಿಗರು ವಂಶವೃಕ್ಷದ ಲೆಕ್ಕ ಹಾಕಿ, ಈಗಿನ ಕಲ್ಲುಹೂಗಳ ಮನೆತನಗಳು ನಾಳಗಳುಳ್ಳ ಗಿಡಗಳಿಗಿಂತ ಮೊದಲು ಹುಟ್ಟಿದವು ಎನ್ನಲು ಆಧಾರವಿಲ್ಲ ಎಂದರು. ಗಿಡಮರಗಳು ಬಂದ ಮೇಲೆ ಬೆಳೆದ ಸಂಸಾರಗಳೇ ಇವು ಎಂದಾಯಿತು.

5. ಕೂಡುವುದಕ್ಕೆ ಏನು ಬೇಕು?

ಅಮೆರಿಕದ ವರ್ನಾನ್ ಅಹ್ಮಾಜಿಯನ್ ಅವರು ಶಿಲೀಂಧ್ರ, ಪಾಚಿ ಎರಡನ್ನೂ ಬೇರ್ಪಡಿಸಿ ಮತ್ತೆ ಕೂಡಿಸುವ ಪ್ರಯೋಗಗಳನ್ನು ವರ್ಷಗಟ್ಟಲೆ ನಡೆಸಿದರು. ಎರಡಕ್ಕೂ ಹೊಟ್ಟೆತುಂಬ ಆಹಾರ ಕೊಟ್ಟರೆ ಅವು ಕೂಡಲಿಲ್ಲ. ಆಹಾರ ಕಡಿಮೆ ಮಾಡಿದಾಗ ಕೂಡಿದವು. ಸಹಕಾರ ಸಂಘಗಳು ಹುಟ್ಟಿದ ಬಗೆಯನ್ನು ಬಲ್ಲ ನಮಗೆ ಇದು ಆಶ್ಚರ್ಯವೆನಿಸಬೇಕಾಗಿಲ್ಲ.

2014ರಲ್ಲಿ ಎರಿಕ್ ಹೋಮ್ ಮತ್ತು ಆಂಡ್ರೂ ಮರ್ರೆ ಅವರು ಹಿಂದೆ ಯಾವ ನಂಟೂ ಇಲ್ಲದ ಯೀಸ್ಟ್ ಮತ್ತು ಒಂದು ಹಸಿರು ಪಾಚಿಯನ್ನು ಒಂದೇ ಪಾತ್ರೆಯಲ್ಲಿಟ್ಟರು. ಯೀಸ್ಟ್ ಸಕ್ಕರೆ ತಿಂದು ಬಿಟ್ಟ ಇಂಗಾಲಾಮ್ಲ ಪಾಚಿಗೆ ಆಹಾರವಾಯಿತು. ಪಾಚಿ ನೈಟ್ರೈಟಿನಿಂದ ತಯಾರಿಸಿದ ಅಮೋನಿಯ ಯೀಸ್ಟಿಗೆ ಗೊಬ್ಬರವಾಯಿತು. ಒಂದನ್ನು ಬಿಟ್ಟು ಒಂದು ಬದುಕಲಾಗದ ಸ್ಥಿತಿ ತಂದೊಡ್ಡಿದ್ದೇ ಸಾಕಾಯಿತು. ಅದೇ ಪಾಚಿಯ ಜೊತೆ ಆಸ್ಪರ್ಜಿಲಸ್ ಕುಲದ ಬೂಷ್ಟೊಂದನ್ನು ಇಟ್ಟಾಗ ಅದರ ಎಳೆಗಳು ಪಾಚಿಯನ್ನು ಸುತ್ತಿಕೊಂಡವು.

ಸ್ವೀಡನ್ನಿನ ಕಾಡಿನಲ್ಲಿ ಕಂಡದ್ದು ಇನ್ನೂ ಸ್ವಾರಸ್ಯಕರ. ಮ್ಯಾಟ್ಸ್ ವೆಡಿನ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದಂತೆ, ಒಂದೇ ಜಾತಿಯ ಶಿಲೀಂಧ್ರ ಆಸ್ಪೆನ್ ಮರದ ತೊಗಟೆಯ ಮೇಲೆ ಪಾಚಿಯೊಡನೆ ಕಲ್ಲುಹೂವಾಗಿ ಬದುಕುತ್ತದೆ. ತೊಗಟೆ ಕಳಚಿದ ಒಣಮರದ ಮೇಲೆ ಪಾಚಿಯಿಲ್ಲದೆ ಕೊಳೆತದ್ದನ್ನು ತಿಂದು ಬದುಕುತ್ತದೆ. ಮಳೆಗಾಲದಲ್ಲಿ ಗದ್ದೆ, ಬೇಸಗೆಯಲ್ಲಿ ಗಾಡಿ ಹೊಡೆಯುವ ಮನುಷ್ಯನಂತೆ ಅದೂ ನೆಲೆ ನೋಡಿ ಕಸುಬು ಹಿಡಿಯುತ್ತದೆ.

6. ಪಾಲು ಸಮವೇ?

ಶ್ವೆಂಡನರ್ ಅವರ ಯಜಮಾನ–ಗುಲಾಮ ಹೋಲಿಕೆಯನ್ನು ಈಗ ಯಾರೂ ಹಾಗೆಯೇ ಒಪ್ಪುವುದಿಲ್ಲ. ಆದರೆ ಸಮಪಾಲು ಎಂದೂ ಹೇಳಲಾಗದು. ಪಾಚಿ ದುಡಿದದ್ದರಲ್ಲಿ ದೊಡ್ಡ ಭಾಗ ಶಿಲೀಂಧ್ರಕ್ಕೆ ಹೋಗುತ್ತದೆ. ಪಾಚಿಯ ಬೆಳವಣಿಗೆ ಹಿಡಿತದಲ್ಲಿರುತ್ತದೆ. ಅದಕ್ಕೆ ಬದಲಾಗಿ ಪಾಚಿಗೆ ಬರಿಯ ಬಂಡೆಯ ಮೇಲೆ, ಬಿರುಬಿಸಿಲಿನಲ್ಲಿ ಒಂಟಿಯಾಗಿ ದಕ್ಕದ ನೆಲೆ ದಕ್ಕುತ್ತದೆ. ಮನೆಯಲ್ಲಿ ಮೂರನೆಯವರೂ ಇರಬಹುದು. 2016ರಲ್ಲಿ ಟೋಬಿ ಸ್ಪ್ರಿಬಿಲ್ ಮತ್ತು ಸಂಗಡಿಗರು ಅನೇಕ ಕಲ್ಲುಹೂಗಳ ಚರ್ಮದಲ್ಲಿ ಬೇರೊಂದು ಕುಲದ ಯೀಸ್ಟ್ ಇರುವುದನ್ನು ಕಂಡುಹಿಡಿದರು. ಅದು ಎಲ್ಲ ಕಲ್ಲುಹೂಗಳಲ್ಲೂ ಇಲ್ಲ. ಅದರ ಕೆಲಸವೇನೆಂಬುದು ಇನ್ನೂ ಚರ್ಚೆಯಲ್ಲಿದೆ.

7. ತೋಟಗಾರಿಕೆಗೆ ಇದರಿಂದ ತಿಳಿಯುವುದೇನು?

ಕಲ್ಲುಹೂವಿನ ಊಟ ಅದರ ಮೈಯಲ್ಲಿರುವ ಪಾಚಿಯಿಂದ, ಮಳೆನೀರು ಮತ್ತು ಗಾಳಿಯಿಂದ. ಮರ ಅದಕ್ಕೆ ಕೂರುವ ಜಾಗ ಮಾತ್ರ. ಕೆಲವು ಜಾತಿಗಳ ಎಳೆಗಳು ಹೊರತೊಗಟೆಯ ಸತ್ತ ಪದರಕ್ಕೆ ಇಳಿದರೂ ಸಾರ ಹೀರುವುದಿಲ್ಲ. ಬಂದಳಿಕೆ ಹಾಗಲ್ಲ, ಅದು ಕೊಂಬೆಯೊಳಕ್ಕೇ ಬೇರಿಳಿಸಿ ಸಾರ ಹೀರುತ್ತದೆ, ಅದನ್ನು ಕಡಿಯಲೇಬೇಕು. ಕಲ್ಲುಹೂವನ್ನು ಸೀತಾಳೆ ದಂಡೆಯ ಸಾಲಿಗೆ ಸೇರಿಸಬೇಕು.

ಮುದಿಯಾದ, ಸೊರಗಿದ ಗಿಡಗಳ ಮೇಲೆ ಕಲ್ಲುಹೂವು ಹೆಚ್ಚಾಗಿ ಕಾಣುವುದು ನಿಜ. ಗಿಡ ಸೊರಗಿ ಎಲೆ ಉದುರಿದಾಗ ರೆಂಬೆಗಳಿಗೆ ಬೆಳಕು ಬೀಳುತ್ತದೆ. ಆಗ ಕಲ್ಲುಹೂವು ಹಬ್ಬುತ್ತದೆ. ಅದು ಸೊರಗುವಿಕೆಯ ಫಲ, ಕಾರಣವಲ್ಲ. ಅಂಥ ಗಿಡದ ಬೇರು, ಬಸಿಗಾಲುವೆ, ಗೊಬ್ಬರ, ಕಾಂಡಕೊರಕ ಇವುಗಳನ್ನು ಪರೀಕ್ಷಿಸಬೇಕು. ಮಚ್ಚೆ ಕೆರೆಸಿ ಸುಮ್ಮನಾದರೆ ನಿಜವಾದ ಕಾರಣ ಒಳಗೇ ಉಳಿಯುತ್ತದೆ.

ಅರೇಬಿಕಾ ಗಿಡದ ಕಾಂಡವನ್ನು ತೆಂಗಿನ ನಾರಿನಿಂದ ಉಜ್ಜಿ ಸಡಿಲ ತೊಗಟೆ ತೆಗೆಯುವ ಕೆಲಸ ಬೇರೆ. ಅದು ಬಿಳಿ ಕಾಂಡಕೊರಕದ ದುಂಬಿ ಮೊಟ್ಟೆಯಿಡದಂತೆ ಮಾಡುವ ಕ್ರಮ, ಅದನ್ನು ಬಿಡಬಾರದು. ಹಾಗೆಯೇ ಕೊಳೆರೋಗಕ್ಕೆ ಬೋರ್ಡೋ ಹೊಡೆಯುವುದನ್ನೂ ಬಿಡಬಾರದು. ಕಲ್ಲುಹೂವಿಗೆಂದೇ ಪ್ರತ್ಯೇಕವಾಗಿ ಮೈಲುತುತ್ತ ಖರ್ಚು ಮಾಡುವುದು ಮಾತ್ರ ಅನಾವಶ್ಯಕ. ಅಡಿಕೆಯ ಕೊಳೆರೋಗದ ಜೀವಿ ಬೂಷ್ಟಿನಂತೆ ಕಂಡರೂ ನಿಜವಾದ ಶಿಲೀಂಧ್ರವಲ್ಲ, ಕಂದು ಪಾಚಿಗಳಿಗೆ ಹತ್ತಿರದ ಬಂಧು ಎಂಬುದು ಈಗ ತಿಳಿದಿದೆ. ನೋಟ ಒಂದೇ ಇದ್ದ ಮಾತ್ರಕ್ಕೆ ಕುಲ ಒಂದೇ ಅಲ್ಲ. ಕುಲ ಒಂದೇ ಇದ್ದ ಮಾತ್ರಕ್ಕೆ ನಡತೆಯೂ ಒಂದೇ ಅಲ್ಲ.

ಕಾಡಿನ ಮರಗಳಿಂದ ಕಲ್ಲುಹೂವನ್ನು ಮಾರಾಟಕ್ಕಾಗಿ ಕಿತ್ತು ತರುವ ವಾಡಿಕೆ ಇದ್ದಲ್ಲಿ ಒಂದು ಮಾತು. ವರ್ಷಕ್ಕೆ ಕೆಲವು ಮಿಲಿಮೀಟರ್ ಬೆಳೆಯುವುದನ್ನು ಒಂದೇ ದಿನ ಬುಡಸಹಿತ ಕೆರೆದರೆ ಅದು ಹಿಂದಿರುಗಲು ಬಹಳ ವರ್ಷ ಬೇಕು. ಅಲ್ಲಲ್ಲಿ ಬಿಟ್ಟು ಕೀಳುವುದು ಒಳ್ಳೆಯದು.

ನೆನಪಿನಲ್ಲಿಡಬೇಕಾದ ಅಂಶಗಳು

(1) ಕಲ್ಲುಹೂವು ರೋಗವಲ್ಲ. ಶಿಲೀಂಧ್ರ ಮತ್ತು ಪಾಚಿಯ ಸಹಜೀವನ.

(2) ಈ ಸಹಜೀವನ ಶಿಲೀಂಧ್ರದ ಆಕಾರ, ಆಹಾರ, ಆಯುಷ್ಯ, ರಾಸಾಯನಿಕ, ಸಂತಾನಕ್ರಮ ಎಲ್ಲವನ್ನೂ ಬದಲಿಸಿತು.

(3) ಶಿಲೀಂಧ್ರಗಳು ಹೀಗೆ ಕೂಡಿದ್ದು ಹಲವು ಸಲ. ಕೂಡಿ ಬಿಟ್ಟದ್ದೂ ಉಂಟು.

(4) ಪಾಲುದಾರ, ಕೊಳೆಯಿಸುವವ, ಪರಾವಲಂಬಿ ಎಂಬುದು ಜೀವಿಯ ಹಣೆಬರಹವಲ್ಲ, ಅದರ ಜೀವನೋಪಾಯ. ನೋಡಲು ಹೇಗಿದೆ ಎಂಬುದಕ್ಕಿಂತ ಏನು ತಿಂದು ಬದುಕುತ್ತದೆ ಎಂಬುದನ್ನು ವಿಚಾರಿಸಬೇಕು.

(5) ಕೆರೆಸುವ ಕೂಲಿಯನ್ನು ಉಳಿಸಿ ಬಸಿಗಾಲುವೆ ತೋಡಿಸಲು, ಕಾಂಡಕೊರಕ ಹಿಡಿದ ಗಿಡ ಗುರುತಿಸಲು, ಕಣದ ಕಾಫಿಯನ್ನೂ ಅಡಿಕೆಯನ್ನೂ ಬೇಗ ಒಣಗಿಸಲು ಉಪಯೋಗಿಸಿರಿ.

— ಕಾರ್ಯದರ್ಶಿ